ಬರುವ ನೀರಿನ ಜೊತೆಗೆ ಬೇಡಿಕೆಯ ಲೆಕ್ಕವೂ ಬೇಕು

ಭದ್ರಾ ಜಲಾಶಯದ ನೀರನ್ನು ಬಯಲುಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ 29.9 ಟಿಎಂಸಿ (ಸಾವಿರ ಮಿಲಿಯನ್ ಘನ ಅಡಿ) ನೀರು ಬಂದರೆ ಚಿತ್ರದುರ್ಗ ಸೀಮೆಯ ಚಿಂತೆ ಮುಂದಿನ ತಲೆಮಾರಿನವರೆಗೂ ತೀರುತ್ತದೆ ಎಂದು ಆ ಯೋಜನೆ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಆ ನೀರು ಬೇಗ ಬರಲಿ ಎಂಬುದೇ ನನ್ನ ಆಸೆಯೂ ಹೌದು. ಆದರೆ ಲೇಖನದಲ್ಲಿ ಬರುವ ನೀರಿನ ಲೆಕ್ಕವಿದೆಯೇ ಹೊರತು, ಬದಲಾಗುತ್ತಿರುವ ಬೇಡಿಕೆಯ ಲೆಕ್ಕವಿಲ್ಲ.

ಹೊಳಲ್ಕೆರೆ ಕಡೆಯ ನಮ್ಮೂರಿನಲ್ಲಿ ಅಪ್ಪನ ಕಾಲಕ್ಕೆ ರಾಗಿ, ಜೋಳ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಅಡಿಕೆ ತೋಟಗಳಿವೆ. ಮಳೆ ಕೈಕೊಟ್ಟರೆ ರಾಗಿಯವನು ಒಂದು ವರ್ಷದ ಬೆಳೆ ಕಳೆದುಕೊಳ್ಳುತ್ತಿದ್ದ. ಅಡಿಕೆಯವನು ಹತ್ತಾರು ವರ್ಷ ಸಾಕಿದ ತೋಟವನ್ನೇ ಕಳೆದುಕೊಳ್ಳುತ್ತಾನೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ನನ್ನ ತಮ್ಮ ಟ್ಯಾಂಕರ್ ನೀರು ಕೊಂಡು ಗಿಡಗಳ ಬುಡಕ್ಕೆ ಬಿಡುತ್ತಿದ್ದ ಹೊತ್ತಿನಲ್ಲೇ, ಬೀದಿ ನಲ್ಲಿಯ ಮುಂದೆ ಖಾಲಿ ಕೊಡಗಳು ಸಾಲುಗಟ್ಟಿದ್ದವು. ತೋಟವನ್ನು ಒಣಗಲು ಬಿಡು ಎಂದು ಅವನಿಗೆ ಹೇಳುವ ಮನಸ್ಸು ನನಗೆ ಬರಲಿಲ್ಲ.

1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಜಲಾಶಯ, ನಮ್ಮ ಜನರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಾಗಾಗಿ ಜಲಾಶಯದ ಸಾಮರ್ಥ್ಯವನ್ನೇ ಪ್ರತಿವರ್ಷದ ನೀರೆಂದು ನಂಬಿ ಯೋಜನೆ ಹಾಕಬಾರದು. ಚಿತ್ರದುರ್ಗ ನಗರಕ್ಕೆ ನೀರು ಕೊಡುವ ಶಾಂತಿಸಾಗರ ಕೆರೆಯೂ ಅಡಿಕೆಯ ನಾಡಾದ ಚನ್ನಗಿರಿ ತಾಲ್ಲೂಕಿನಲ್ಲೇ ಇದೆ, ಆ ನೀರಿಗೂ ತೋಟಗಳ ಬೇಡಿಕೆ ಇರುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಬರಗಾಲದ ವರ್ಷಕ್ಕೆ ಬೇಕಾಗುವ ಕುಡಿಯುವ ನೀರನ್ನು ಮೊದಲೇ ತೆಗೆದಿರಿಸಿ, ಉಳಿದದ್ದನ್ನು ಮಾತ್ರ ಹೊಲ, ತೋಟ, ಕೈಗಾರಿಕೆಗಳಿಗೆ ಹಂಚಬೇಕು; ತಾಲ್ಲೂಕುವಾರು ಬೆಳೆ ವಿಸ್ತೀರ್ಣ ಮತ್ತು ಅಂತರ್ಜಲ ಮಟ್ಟವನ್ನು ನೋಡಿ ಐದು ವರ್ಷಕ್ಕೊಮ್ಮೆ ಆ ಹಂಚಿಕೆಯನ್ನು ತಿದ್ದಬೇಕು.