ಸ್ಪಷ್ಟನೆ: ಡೆಲ್ಟಾ ಕಟ್ಟಿದ 50,000 ಡಾಲರ್ ಪ್ರಯಾಣಿಕರ ಕೈಗೆ ಹೋಗಿಲ್ಲ

‘ಮುಸ್ಲಿಂ ಪ್ರಯಾಣಿಕರನ್ನು ವಿಮಾನದಿಂದ ಇಳಿಸಿದ್ದಕ್ಕೆ ಡೆಲ್ಟಾ ಏರ್‌ಲೈನ್ಸ್ ಅವರಿಗೆ 50,000 ಡಾಲರ್ ಪರಿಹಾರ ಕೊಟ್ಟಿತು’ ಎಂಬ ಮಾತು ಓಡಾಡುತ್ತಿದೆ. ಇಳಿಸಿದ್ದು ನಿಜ, ಮೊತ್ತವೂ ನಿಜ. ಆದರೆ ಅದು ಪರಿಹಾರವಲ್ಲ, ದಂಡ.

2016ರ ಜುಲೈನಲ್ಲಿ ಪ್ಯಾರಿಸ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಟ್ಟು ಮೂವರನ್ನು ಇಳಿಸಿದ್ದರು. ಇವರಿಂದ ಅಪಾಯವಿಲ್ಲ ಎಂದು ಕಂಪನಿಯ ಭದ್ರತಾ ವಿಭಾಗವೇ ಹೇಳಿದ ಮೇಲೂ! 2020ರ ಜನವರಿಯಲ್ಲಿ ಅಮೆರಿಕದ ಸಾರಿಗೆ ಇಲಾಖೆ ದಂಡ ಹಾಕಿತು. ತಾರತಮ್ಯ ಮಾಡಿಲ್ಲ ಎಂದೇ ಡೆಲ್ಟಾ ಹೇಳಿತು. ಇಂಥ ದಂಡ ಸರ್ಕಾರದ ಖಜಾನೆ ಸೇರುತ್ತದೆ. ನೊಂದವರಿಗೆ ಹಣ ಬೇಕಾದರೆ ಅವರೇ ಕೋರ್ಟಿಗೆ ಹೋಗಬೇಕು. ಇದು ಗೊತ್ತಿಲ್ಲದೆ ಬರೀ ಇಲಾಖೆಗೆ ದೂರು ಕೊಟ್ಟು ಪರಿಹಾರಕ್ಕೆ ಕಾಯುವವರಿಗೆ ಅನ್ಯಾಯ ಆಗುತ್ತದೆ, ಅಲ್ವಾ? ಅದಕ್ಕೇ ಈ ಸ್ಪಷ್ಟನೆ.

ಕೋರ್ಟಿಗೆ ಹೋಗಿ ಹಣ ಪಡೆದವರೂ ಇದ್ದಾರೆ. 2006ರಲ್ಲಿ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಹೋರಾಟಗಾರ ರಾಯಿದ್ ಜರ್ರಾರ್ ಅರಬ್ಬಿ ಅಕ್ಷರಗಳಿದ್ದ ಟೀ ಶರ್ಟ್ ತೊಟ್ಟಿದ್ದರು. ಅದನ್ನು ಮುಚ್ಚಿಸಿ, ಜೆಟ್‌ಬ್ಲೂ ವಿಮಾನದ ಹಿಂಭಾಗದಲ್ಲಿ ಕೂರಿಸಿದರು. ಅವರು ಮೊಕದ್ದಮೆ ಹೂಡಿದರು. 2009ರಲ್ಲಿ 2,40,000 ಡಾಲರ್ ಸಿಕ್ಕಿತು. ಅದೂ ಕೋರ್ಟ್ ತೀರ್ಪಿನಿಂದಲ್ಲ, ರಾಜಿಯಿಂದ.