ಕೂತರೆ ಇಸ್ತ್ರಿ ಹೋಗ್ತದೆ

ಕಳೆದ ವಾರ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿ ಬಸ್ ಹತ್ತಿದೆ. ಮಧ್ಯಾಹ್ನ, ಅರ್ಧಕ್ಕರ್ಧ ಸೀಟು ಖಾಲಿ. ಆದರೂ ಅರವತ್ತು ದಾಟಿದ ಒಬ್ಬರು ಕಂಬಿ ಹಿಡಿದು ನಿಂತೇ ಇದ್ದರು. ಬೆನ್ನುನೋವಿರಬೇಕು ಅಂದುಕೊಂಡೆ. ಕೊಟ್ಟಾರ ದಾಟುವಷ್ಟರಲ್ಲಿ ಆ ಬೆನ್ನಿಗೊಂದು ಕಥೆಯೂ ತಯಾರಾಯಿತು. ಮುಂಬೈ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಬಂದವರು, ಮಗ ಮಾತು ಬಿಟ್ಟಿದ್ದಾನೆ, ಹೀಗೆ ಏನೇನೋ. ಸುರತ್ಕಲ್‌ನಲ್ಲಿ ಕಂಡಕ್ಟರ್ "ಕುಲ್ಲುಲೆ ಅಣ್ಣೇ" ಅಂತ ತುಳುವಿನಲ್ಲಿ ಕೂರಲು ಹೇಳಿದ. ಅವರು ತಮ್ಮ ಬಿಳಿ ಪಂಚೆಯನ್ನು ಒಮ್ಮೆ ನೋಡಿಕೊಂಡು, "ಇಸ್ತ್ರಿ ಪೋಪುಂಡು" ಅಂದರು. ಪಡುಬಿದ್ರೆಯಲ್ಲಿ ಇಳಿಯುವವರೆಗೂ ಕೂರಲಿಲ್ಲ.

ನನ್ನ ಮುಂಬೈ ಹೋಟೆಲು ಅಲ್ಲೇ ಬಾಗಿಲು ಹಾಕಿತು. ಪಾತ್ರ ಸಿಕ್ಕಿತು.

ಕಥೆ ಬರೆಯುವ ಹುಡುಗರಿಗೆ "ಜನರನ್ನು ಗಮನಿಸಿ" ಅಂತ ಎಲ್ಲರೂ ಹೇಳುತ್ತಾರೆ. ಸರಿ. ಆದರೆ ನಾವು ಅರ್ಧ ನೋಡಿ ಉಳಿದರ್ಧ ತಲೆಯಲ್ಲಿದ್ದದ್ದನ್ನೇ ತುಂಬಿಸುತ್ತೇವೆ. ನನ್ನ ಮಟ್ಟಿಗೆ, ನಮ್ಮ ಊಹೆ ಎಲ್ಲಿ ತಪ್ಪಿತೋ ಅಲ್ಲಿಂದ ಬರೆಯಬೇಕು. ಮಾಲ್‌ಗೆ ಹೋಗಿ ಕೂತರೆ ಪ್ರಯೋಜನ ಕಡಿಮೆ. ಅಲ್ಲಿ ಎಲ್ಲರ ಮುಖವೂ ಮೊಬೈಲಿನೊಳಗೆ.

ನಮ್ಮ ಕಡೆ ಇನ್ನೊಂದು ಲಾಭ ಉಂಟು. ಕಂಕನಾಡಿ ಮಾರ್ಕೆಟಿನಲ್ಲಿ ಒಬ್ಬರು ಬಂಗುಡೆ ರೇಟಿಗೆ ತುಳುವಿನಲ್ಲಿ ಚರ್ಚೆ ಮಾಡಿ, ಫೋನಿನಲ್ಲಿ ಯಾರಿಗೋ ಕೊಂಕಣಿಯಲ್ಲಿ ಬೈದು, ನನ್ನ ಕಡೆ ತಿರುಗಿ ಕನ್ನಡದಲ್ಲಿ "ಸ್ವಲ್ಪ ಜಾಗ ಕೊಡಿ" ಅಂದರು. ಮೂರಕ್ಕೂ ದನಿ ಬೇರೆ ಬೇರೆ. ಕನ್ನಡದ್ದು ಭಾರೀ ಮೆತ್ತಗೆ, ಬ್ಯಾಂಕಿನ ಮೆನೇಜರ್ ಎದುರು ನಿಂತ ಹಾಗೆ. ಇದನ್ನು ಕನ್ನಡ ಕಥೆಯೊಳಗೆ ತರುವುದು ಹೇಗೆ? ನಾಲ್ಕು ಸಲ ಬರೆದು ಹರಿದಿದ್ದೇನೆ.

ಗುರುತಿದ್ದವರನ್ನು ಬರೆದರೆ ಏನಾಗ್ತದೆ ಅನ್ನುವುದೂ ಗೊತ್ತಾಗಿದೆ. ನೆರೆಮನೆಯ ಬಾಯಮ್ಮ ಶಂಕರಪುರ ಮಲ್ಲಿಗೆ ಬೆಳೆಯುತ್ತಾರೆ. ಅವರನ್ನೇ ಹೆಸರು ಬದಲಿಸಿ ಒಂದು ಕಥೆಗೆ ಎಳೆದು ತಂದೆ. ಕಥೆ ಅಚ್ಚಾಯಿತು. ಆ ವರ್ಷ ಆಟಿ ತಿಂಗಳಲ್ಲಿ ಅವರಿಂದ ನಮ್ಮ ಮನೆಗೆ ಕೆಸುವಿನೆಲೆಯ ಪತ್ರೊಡೆ ಬರಲಿಲ್ಲ. ಎರಡು ತಿಂಗಳು ಬಿಟ್ಟು ನಾನೇ ಹೋಗಿ ಕೂತೆ. ಗಂಡನ ಕುಡಿತ ಬರೆದದ್ದಕ್ಕೆ ಸಿಟ್ಟಿರಬೇಕು ಅಂತ ನನ್ನ ಲೆಕ್ಕ.

"ಅದೆಲ್ಲ ಬಿಡು ಮಾರಾಯ, ಊರಿಗೇ ಗೊತ್ತುಂಟು" ಅಂದರು. "ಅಟ್ಟೆಗೆ ನಾಲ್ಕು ಚೆಂಡು. ನೀನು ಮೂರು ಅಂತ ಬರೆದಿದ್ದಿ. ಓದಿದವರು ನಾನು ಮೋಸ ಮಾಡ್ತೇನೆ ಅಂದುಕೊಳ್ಳುವುದಿಲ್ವಾ?"

ಅಟ್ಟೆ ಅಂದರೆ ಮಲ್ಲಿಗೆ ಮಾರುವ ಅಳತೆ, ಚೆಂಡು ಅಂದರೆ ಕಟ್ಟಿದ ಮಾಲೆ. ಒಂದು ಚೆಂಡಿಗೆ 800 ಹೂ. ಒಂದೊಂದನ್ನೂ ಬಾಳೆನಾರಿನಲ್ಲಿ ಕಟ್ಟುವವರಿಗೆ ಒಂದಿಡೀ ಚೆಂಡು ಕಡಿಮೆ ಮಾಡಿದ್ದೆ!

ಈಗ ಮಲ್ಲಿಗೆಯ ಸುದ್ದಿ ಬಂದ ಪುಟವನ್ನು ಮೊದಲು ಅವರಿಗೇ ಓದಿ ಹೇಳುತ್ತೇನೆ. ಹೂ ಕಟ್ಟುತ್ತಲೇ ಕೇಳುತ್ತಾರೆ, ಹೂಂ ಅನ್ನುವುದೂ ಇಲ್ಲ. ಲೆಕ್ಕ ಬಂದಾಗ ಮಾತ್ರ ಕೈ ನಿಲ್ಲುತ್ತದೆ.