ಎಣ್ಣೆ ಹಚ್ಚಿಸಿಕೊಂಡ ಕುರ್ಚಿ

ನಮ್ಮ ಮನೆ ಕಟ್ಟೆ ಮೇಲೆ ಅಜ್ಜನ ಕಾಲದ ಕಬ್ಬಿಣದ ಕುರ್ಚಿಯೊಂದಿದೆ. ಕೂತವರ ಬಟ್ಟೆಗೆ ತುಕ್ಕಿನ ಮುದ್ರೆ ಒತ್ತಿ ಕಳಿಸೋದು ಅದರ ಪದ್ಧತಿ. ಬೀಗರೊಬ್ಬರು ಬಿಳಿ ಧೋತರಕ್ಕೆ ಆ ಮುದ್ರೆ ಹೊತ್ತುಕೊಂಡೇ ಮದುವೆ ಊಟ ಮುಗಿಸಿ ಬಂದ ಮೇಲೆ, "ಒಂದೋ ಗುಜರಿಗೆ ಹಾಕ್ರಿ, ಇಲ್ಲಾ ಬಣ್ಣಾ ಹಚ್ಚಸ್ರಿ" ಅಂತ ನಮ್ಮಾಕೆಯ ಅಪ್ಪಣೆ ಆಯಿತು. ಬಣ್ಣ ಯಾಕೆ, ಪೌಡರ್ ಕೋಟಿಂಗೇ ಮಾಡಿಸೋಣ ಅಂದೆ.

ಅಷ್ಟಕ್ಕೇ ಸುಮ್ನಿರಬೇಕಿತ್ತು. ತಗ್ಗಿದ್ದಲ್ಲೆಲ್ಲ ಪುಟ್ಟಿ ಮೆತ್ತಿದೆ. ಮಳೆಗಾಲ ಅಲ್ವಾ, ದಾರಿಯಲ್ಲಿ ಮತ್ತೆ ತುಕ್ಕು ಹಿಡಿದೀತು ಅಂತ ಕೂಸಿಗೆ ಹಚ್ಚುವ ಹಾಗೆ ಮೈತುಂಬ ಕೊಬ್ಬರಿ ಎಣ್ಣೆ ಬೇರೆ ಹಚ್ಚಿ, ಟಂಟಂ ಮೇಲೆ ಹೇರಿಕೊಂಡು ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೊರಟೆ. ಕೈಯಲ್ಲಿ ಒಂದು ಚೀಲವೂ ಇತ್ತು.

ಅಂಗಡಿಯವ ಕುರ್ಚಿ ಮುಟ್ಟಿ, ಬೆರಳು ಮೂಸಿ ನೋಡಿದ. "ಸರ, ಇದಕ ಒಗ್ಗರಣಿ ಒಂದ್ ಹಾಕೂದು ಉಳದತ್ ನೋಡ್ರಿ."

ಆಮೇಲೆ ಪಾಠ ಶುರುವಾಯಿತು. ಎಣ್ಣೆ ಇದ್ದಲ್ಲಿ ಕೋಟಿಂಗ್ ಹಿಡಿಯಲ್ಲ. ಮೊದಲು ಜಿಡ್ಡು ತೊಳೀಬೇಕು, ಆಸಿಡ್‌ನಲ್ಲಿ ತುಕ್ಕು ತೆಗೀಬೇಕು, ಫಾಸ್ಫೇಟ್ ತೊಟ್ಟಿಯಲ್ಲಿ ಅದ್ದಬೇಕು, ಒಣಗಿಸಬೇಕು. ಆಮೇಲೇ ಗನ್ನು. ಗನ್ನಿಂದ ಬರುವ ಪುಡಿಗೆ ಕರೆಂಟಿನ ಚಾರ್ಜ್ ಇರುತ್ತದೆ, ಕೊಕ್ಕೆಗೆ ನೇತುಹಾಕಿದ ಕಬ್ಬಿಣಕ್ಕೆ ಅರ್ಥಿಂಗ್ ಕೊಟ್ಟಿರುತ್ತಾರೆ, ಪುಡಿ ತಾನಾಗೇ ಹೋಗಿ ಅಂಟಿಕೊಳ್ಳುತ್ತದೆ. ಕೊನೆಗೆ 180ರಿಂದ 200 ಡಿಗ್ರಿ ಓವನ್ನಲ್ಲಿ ಪುಡಿ ಕರಗಿ ಪದರಾಗುತ್ತದೆ. "ಪುಟ್ಟಿಯೊಳಗ ಕರೆಂಟ್ ಹರಿಯಂಗಿಲ್ರಿ. ಮ್ಯಾಲ ಕಾವು ತಡಿಯಂಗಿಲ್ಲ, ಉಬ್ಬತೈತಿ" ಅಂತ ಕಣ್ಣಿಗೆ ಕಂಡ ಪುಟ್ಟಿಯನ್ನೆಲ್ಲ ಕೆರೆದು ಹಾಕಿದ. ನನ್ನ ಭಾನುವಾರ ಪೂರ್ತಿ ನೆಲದ ಮೇಲೆ ಪುಡಿಯಾಗಿ ಬಿತ್ತು.

"ಇನ್ನೆಲ್ಲೆರ ಮೆತ್ತೀರೇನ್ರಿ?"

ಸೀಟಿನ ಕೆಳಗೆ ಎರಡು ಕಡೆ ಮೆತ್ತಿದ್ದೆ. ಆದರೆ ಅಷ್ಟೊತ್ತಿಗೆ ಎಷ್ಟು ಮರ್ಯಾದೆ ಹೋಗಿತ್ತು ಅಂದರೆ, ಇನ್ನೂ ಸ್ವಲ್ಪ ಉಳಿಸಿಕೊಳ್ಳೋಣ ಅನ್ನಿಸಿ "ಇಲ್ಲಪಾ" ಅಂದುಬಿಟ್ಟೆ.

ಮೂರು ದಿನ ಬಿಟ್ಟು ಹೋದರೆ ಕುರ್ಚಿ ಕಡುನೀಲಿಯಾಗಿ ಹೊಳೆಯುತ್ತಿತ್ತು, ಮದುಮಗನ ಹಾಗೆ. ಅಂಗಡಿಯವ ಮಾತಾಡದೆ ಅದನ್ನು ಬೋರಲು ಹಾಕಿದ. ಕೆಳಗೆ ಎರಡು ಗುಳ್ಳೆ ಎದ್ದಿದ್ದವು, ಎಣ್ಣೆಯಲ್ಲಿ ಅರ್ಧ ಉಬ್ಬಿದ ಪೂರಿಯಂಥವು.

"ಯಾರಿಗೂ ಕಾಣಂಗಿಲ್ ಬಿಡ್ರಿ" ಅಂತ ಅವನೇ ಸಮಾಧಾನ ಮಾಡಿದ. ಆಮೇಲೆ ನನ್ನ ಚೀಲ ನೋಡಿ, "ಅದ್ರಾಗೇನೈತ್ರಿ? ಅವತ್ತೂ ತಂದಿದ್ರಿ."

ಕುರ್ಚಿಗೆ ಜೋಡಿಯಾಗಲಿ, ಅದೇ ನೀಲಿ ಹೊಡೆಸೋಣ ಅಂತ ತಂದಿದ್ದ ಊಟದ ಮಣೆ. ಸಾಗವಾನಿಯದು.

"ಕಾಯಿಪಲ್ಲೆ" ಅಂದೆ.